ರೇಡಿಯೇಟರಿಗೆ ಹಾಕಿದ ಅರಿಶಿನ

ಅಪ್ಪ ಹೋದ ಮೇಲೆ ಅವರ ಹಳೆಯ ಅಂಬಾಸಿಡರ್ ನನ್ನ ಪಾಲಿಗೆ ಬಂತು. ಪಾಲು ಎನ್ನುವುದು ದೊಡ್ಡ ಮಾತು. ಸ್ಕಂದಗಿರಿಯ ಬುಡದ ಜಮೀನಿನಲ್ಲಿ ನನಗಿದ್ದ ಹಕ್ಕನ್ನು ಬಿಟ್ಟುಕೊಟ್ಟು ಸಹಿ ಹಾಕಬೇಕು, ಅದರ ಬದಲಿಗೆ ಕಾರು. ಬೆಟ್ಟ ಹತ್ತಲು ಬರುವವರಿಗೆ ಅಲ್ಲಿ ರೂಮು ಕಟ್ಟುವ ಆಲೋಚನೆ ಅಣ್ಣನಿಗಿತ್ತು. ನಮ್ಮ ಕಡೆ ಹೆಣ್ಣುಮಕ್ಕಳಿಂದ ಹಕ್ಕು ಬಿಡಿಸಿಕೊಳ್ಳುವಾಗ ಏನಾದರೂ ಕೊಟ್ಟು, ಅದಕ್ಕೆ ‘ಅರಿಶಿನ ಕುಂಕುಮಕ್ಕೆ’ ಎನ್ನುತ್ತಾರೆ. ಎಷ್ಟು ಮಂಗಳಕರವಾದ ಮಾತು ನೋಡಿ, ಬೇಡ ಅನ್ನಲು ಬಾಯೇ ಬರಬಾರದು!

“ಅಪ್ಪನ ನೆನಪು ನಿನ್ ಹತ್ರನೇ ಇರ್ಲಿ ಕಣಮ್ಮ. ಅರಿಶಿನ ಕುಂಕುಮಕ್ಕೆ ಅಂತ ಇಟ್ಕೊ,” ಎಂದ ಅಣ್ಣ. ಸಹಿ ಸೋಮವಾರಕ್ಕೆ ಗೊತ್ತಾಗಿತ್ತು. ಕಾರನ್ನು ಮಾತ್ರ ಶನಿವಾರವೇ ಕೊಟ್ಟ. ಸುಳ್ಳೇಕೆ, ನನಗೆ ಖುಷಿಯಾಗಿತ್ತು. ಏರು ಸಿಕ್ಕಿದಾಗಲೆಲ್ಲ ಅಪ್ಪ ಸ್ಟೇರಿಂಗ್ ತಟ್ಟಿ, “ಪದಮ್ಮಾ, ಪದ,” ಎಂದು ತೆಲುಗಿನಲ್ಲಿ ಕಾರಿಗೆ ನಡಿ ನಡಿ ಅನ್ನುತ್ತಿದ್ದರು. ಅವರ ಸೀಟಿನಲ್ಲಿ ಕೂರುವುದೇ ನನಗೆ ಸಾಕಿತ್ತು. ಅಣ್ಣನ ಮೇಲೆ ಅನುಮಾನ ಪಡುವಷ್ಟು ಬುದ್ಧಿ ಇನ್ನೂ ಬಂದಿರಲಿಲ್ಲ.

ಚಿಕ್ಕಬಳ್ಳಾಪುರ ಬಿಟ್ಟು ಗೌರಿಬಿದನೂರಿನ ನನ್ನ ಮನೆಗೆ ಬರುವಾಗ ಮಂಚೇನಹಳ್ಳಿಯ ಹತ್ತಿರ ಬಾನೆಟ್ಟಿನಿಂದ ಹಬೆ ಎದ್ದಿತು. ನಿಲ್ಲಿಸಿ, ಆರಿಸಿ, ನೀರು ಹಾಕಿ, ಹೇಗೋ ಮನೆ ಮುಟ್ಟಿಸಿದೆ. ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ನನ್ನದು ಪಂಪುಗಳ ಸೋರಿಕೆ ಪರೀಕ್ಷಿಸುವ ಕೆಲಸ. ದಿನಾ ಮಾಡುವುದಕ್ಕೆ ಇನ್ನೊಬ್ಬರನ್ನು ಕರೆಯುವುದೇನು ಎಂದು ಭಾನುವಾರ ನಾನೇ ಸ್ಪ್ಯಾನರ್ ಹಿಡಿದೆ.

ಇಂಜಿನ್ನಿನ ಮೇಲ್ಭಾಗದಲ್ಲಿ, ರೇಡಿಯೇಟರಿನ ಮೇಲಿನ ಹೋಸ್ ಬಂದು ಸೇರುವ ಕಡೆ ಒಂದು ಅಲ್ಯೂಮಿನಿಯಂ ಮುಚ್ಚಳವಿರುತ್ತದೆ. ಅದರ ಕೆಳಗೆ ಥರ್ಮೋಸ್ಟಾಟ್, ಅಂದರೆ ನೀರು ಕಾದ ಮೇಲೆ ಬಾಯಿ ಬಿಟ್ಟು ಅದನ್ನು ರೇಡಿಯೇಟರಿಗೆ ಕಳಿಸುವ ಪುಟ್ಟ ವಾಲ್ವ್. ಕೂಲಂಟ್ ಆ ಮುಚ್ಚಳದ ಅಂಚಿನಿಂದಲೇ ಜಿನುಗುತ್ತಿತ್ತು. ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಟ್ಟು, ಬೈದು, ರಮಿಸಿ ಬಿಚ್ಚಿದೆ. ಮುಚ್ಚಳ ಎತ್ತಿದರೆ ಒಳಗೆಲ್ಲ ಹಳದಿ ಗಸಿ. ಬೆರಳಿಗೆ ತೆಗೆದು ಮೂಸಿದೆ. ಅರಿಶಿನ! ಸೋರುವುದು ನಿಲ್ಲಲೆಂದು ಯಾರೋ ರೇಡಿಯೇಟರಿಗೆ ಅರಿಶಿನದ ಪುಡಿ ಸುರಿದಿದ್ದರು. ಅದು ವಾಲ್ವಿಗೆ ಮೆತ್ತಿಕೊಂಡು, ಬಾಯಿ ಬಿಡದಂತೆ ಮಾಡಿ, ಇಂಜಿನ್ ಕಾಯಿಸಿತ್ತು. ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ. ಕೊಟ್ಟ ಮಾತಿನಲ್ಲಿ ಅರ್ಧವನ್ನಂತೂ ಅಣ್ಣ ಉಳಿಸಿಕೊಂಡಿದ್ದ, ಕುಂಕುಮ ಒಂದು ಬಾಕಿ.

ನಗು ನಿಂತ ಮೇಲೆ ಅವನಿಗೆ ಫೋನ್ ಮಾಡಿದೆ.

“ರೇಡಿಯೇಟರಿಗೆ ಅರಿಶಿನ ಹಾಕ್ಸಿದ್ಯಾ ಅಣ್ಣ?”

“ಎಲ್ರೂ ಹಾಕ್ತಾರಮ್ಮ. ಸೋರೋದು ನಿಲ್ಲುತ್ತೆ.”

“ದಾರೀಲೇ ಕಾದು ನಿಂತೋಯ್ತು.”

“ಅಯ್ಯೋ, ಸೋಮವಾರದ ತನಕ ಏನೂ ಆಗಲ್ಲ ಅಂದಿದ್ನಲ್ಲ ಮೆಕ್ಯಾನಿಕ್ಕು!”

ತಾನು ಅಂದದ್ದು ಅವನಿಗೂ ಕೇಳಿಸಿರಬೇಕು. “ನಾಳೆ ಬೇಗ ಬಂದ್ಬಿಡಮ್ಮ,” ಎಂದು ಫೋನ್ ಇಟ್ಟುಬಿಟ್ಟ.

ಸೋರುತ್ತದೆ ಎಂದು ಒಂದು ಮಾತು ಹೇಳಿ ಕೊಟ್ಟಿದ್ದರೂ ನಾನು ಸಹಿ ಹಾಕುತ್ತಿದ್ದೆ. ಏನೂ ಕೊಡದಿದ್ದರೂ ಬಹುಶಃ ಹಾಕುತ್ತಿದ್ದೆ. ಸಂತೆಯಲ್ಲಿ ಕೊಳೆತ ಟೊಮೆಟೊ ಕೆಳಗಿಟ್ಟು ಸಾಗಹಾಕುವಂತೆ ಸ್ವಂತ ತಂಗಿಯನ್ನೇ ಏಮಾರಿಸಿದನಲ್ಲ.

ಆ ಸಿಟ್ಟನ್ನೆಲ್ಲ ಕೆಲಸಕ್ಕೆ ಹಾಕಿದೆ. ತಿಳಿನೀರು ಬರುವವರೆಗೂ ಪೈಪು ಹಿಡಿದು ಒಳಗೆಲ್ಲ ತೊಳೆದೆ. ವಾಲ್ವನ್ನು ಉಜ್ಜಿ, ಒಲೆಯ ಮೇಲಿನ ಕುದಿನೀರಿಗೆ ಇಳಿಬಿಟ್ಟಾಗ ಬಾಯಿ ಬಿಟ್ಟಿತು. ಸೋರದಂತೆ ಮುಚ್ಚಳದ ಅಡಿಗೆ ಕೂರಿಸುವ ಪ್ಯಾಕಿಂಗ್ ಹಳೆಯದಾಗಿತ್ತು, ಅದನ್ನು ಕೆರೆದು, ಮುಚ್ಚಳದ ತಳವನ್ನು ಗಾಜಿನ ಮೇಲೆ ಹಾಸಿದ ಎಮರಿ ಕಾಗದಕ್ಕೆ ಸಮವಾಗುವ ತನಕ ತಿಕ್ಕಿದೆ. ಹೊಸ ಪ್ಯಾಕಿಂಗ್ ಕತ್ತರಿಸಿ ಕೂರಿಸಿ, ನಟ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ.

ಸೋಮವಾರ ಚಿಕ್ಕಬಳ್ಳಾಪುರಕ್ಕೆ ಅದೇ ಕಾರಿನಲ್ಲಿ ಹೋದೆ. ಒಂದು ಹನಿ ಸೋರಲಿಲ್ಲ. ರಿಜಿಸ್ಟ್ರಾರ್ ಆಫೀಸಿನ ಜಗುಲಿಯಲ್ಲಿ ಅಣ್ಣ ಪೆನ್ನು ಚಾಚಿದ.

“ನಾನ್ ಸಹಿ ಹಾಕಲ್ಲ. ನನ್ ಭಾಗ ನನಗೆ ಬೇಕು,” ಎಂದೆ.

“ಒಂದ್ ಕಾರಿಗೋಸ್ಕರ ಇಷ್ಟೆಲ್ಲಾನಾ? ರಿಪೇರಿ ಮಾಡಿಸ್ಕೊಡ್ತೀನಿ ಬಿಡಮ್ಮ.”

“ಕಾರು ರಿಪೇರಿ ಆಗಿದೆ ಕಣಣ್ಣ.”

ಅವನಿಗೆ ಅರ್ಥವಾಗಲಿಲ್ಲ, ಅಥವಾ ಆಗದವನ ಹಾಗೆ ನಿಂತ. ನಾನು ಆಸೆಬುರುಕಿ ಎಂದು ಈಗ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನಂತೆ. ಗೌರಿ ಹಬ್ಬಕ್ಕೆ ಈ ಸಲ ತವರಿನಿಂದ ಯಾರೂ ಬರಲಿಲ್ಲ.