ಅಮ್ಮನ ಪ್ಲೇಟು ಬಿಸಿಲಿಗೆ ಬಿದ್ದ ದಿನ

೧೯೬೨ರ ಬೇಸಿಗೆ. ನನಗಾಗ ಹದಿನೇಳು ವರ್ಷ. ಯಲಹಂಕದಲ್ಲಿದ್ದ ತಾತ, ಅಂದರೆ ಅಮ್ಮನ ತಂದೆ, ತೀರಿಕೊಂಡ ಮೇಲೆ ಅವರ ಗ್ರಾಮಫೋನೂ ಒಂದು ಪೆಟ್ಟಿಗೆ ಪ್ಲೇಟುಗಳೂ ಕೊಡಿಗೇಹಳ್ಳಿಯ ನಮ್ಮ ಮನೆಗೆ ಬಂದವು. ಅದರಲ್ಲೊಂದು, ನನ್ನ ಅಮ್ಮ ಮದುವೆಗೆ ಮುಂಚೆ ಹಾಡಿದ್ದು. ನಾನು ಕೂಸಾಗಿದ್ದಾಗಲೇ ಹೋದವಳು ಅವಳು. ಮುಖವನ್ನಾದರೂ ಫೋಟೋದಲ್ಲಿ ನೋಡಿದ್ದೆ, ದನಿ ಕೇಳಿರಲಿಲ್ಲ.

ಪೆಟ್ಟಿಗೆ ತಂದುಕೊಟ್ಟ ಸೋದರಮಾವ ಎಚ್ಚರಿಸಿಯೇ ಹೋಗಿದ್ದರು. "ಇದು ಅರಗಿನ ಪ್ಲೇಟು ಕಣಮ್ಮ. ಸ್ಪಿರಿಟ್ ಹಾಕಿ ಒರೆಸಿದ್ರೆ ಕರಗೋಗುತ್ತೆ. ಬಿದ್ರೆ ಚೂರು. ಪ್ರತಿ ಸಲಕ್ಕೂ ಹೊಸ ಮುಳ್ಳು ಹಾಕು." ಬಿಸಿಲಿನ ಮಾತು ಅವರೂ ಎತ್ತಲಿಲ್ಲ, ನಮಗೂ ಹೊಳೆಯಲಿಲ್ಲ.

ಯಾವತ್ತೂ ಅಮ್ಮನ ಸುದ್ದಿ ಎತ್ತದ ಅಪ್ಪ, ಮರುದಿನ ಯಶವಂತಪುರಕ್ಕೆ ಕೆಲಸಕ್ಕೆ ಹೊರಟವರು ಬಾಗಿಲಿಂದ ಹಿಂತಿರುಗಿ ಹೇಳಿದರು: "ಸಂಜೆ ಬೇಗ ಬರ್ತೀನಿ ಮಗಾ, ಒಟ್ಟಿಗೆ ಕೇಳೋಣ."

ನಾನು ನೀರು ತರುವಷ್ಟರಲ್ಲಿ, ನನ್ನನ್ನು ಸಾಕಿದ ಅತ್ತೆ, ಅಪ್ಪನ ಅಕ್ಕ, ಪ್ಲೇಟಿನ ಬೂಸ್ಟು ತೊಳೆದು ಮಾಳಿಗೆಯ ಮೇಲೆ ಹಪ್ಪಳದ ಚಾಪೆಯಲ್ಲಿ ಒಣಗಲು ಇಟ್ಟಿದ್ದಳು. ನಮ್ಮ ಮನೆಯಲ್ಲಿ ತೊಳೆದದ್ದೆಲ್ಲ ಬಿಸಿಲಿಗೆ ಹೋಗಲೇಬೇಕು! ಹತ್ತಿ ನೋಡಿದರೆ, ಅಮ್ಮನ ಪ್ಲೇಟೂ ಪಕ್ಕದ ಹಪ್ಪಳದ ಹಾಗೆಯೇ ಅಂಚು ಎತ್ತಿಕೊಂಡಿದೆ.

ನೆರಳಿಗೆ ತಂದು, ಸ್ವಲ್ಪ ಆರಿದ ಮೇಲೆ ಕೈಯಿಂದ ಮೆಲ್ಲಗೆ ಒತ್ತಿದೆ. ಟಿಕ್ ಅಂದಿತು. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು.

"ಅಪ್ಪಂಗೆ ಏನಂತ ಹೇಳ್ಲಿ?" ಎಂದು ಅಳತೊಡಗಿದೆ.

ಅತ್ತೆಯ ಮುಖವೂ ಬಿಳಿಚಿಕೊಂಡಿತ್ತು. ಪ್ಲೇಟನ್ನು ನನ್ನ ಕೈಯಿಂದ ತೆಗೆದುಕೊಂಡು ಹೇಳಿದಳು: "ಅರಗು ಅಂದ್ರಲ್ಲ ನಿಮ್ ಮಾವ? ಬಿಸಿಗೆ ಬಗ್ಗಿದ್ದು ಬಿಸಿಗೇ ನೆಟ್ಟಗಾಗ್ತದೆ. ನೀನು ಒತ್ಬ್ಯಾಡ ಕಣವ್ವ."

ಗೋಡೆಯ ಕನ್ನಡಿಯನ್ನಿಳಿಸಿ ಮಾಳಿಗೆಯ ಮೇಲೆ ಮಲಗಿಸಿ, ಅದರ ಮೇಲೆ ಪ್ಲೇಟಿಟ್ಟಳು. ಮತ್ತೆ ಬಿಸಿಲಿಗಾ! ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ಕಾಗೆ ಬಂದು ಹಪ್ಪಳ ಕಚ್ಚಿಕೊಂಡು ಹೋದರೂ ಯಾರೂ ಏಳಲಿಲ್ಲ. ನಿಧಾನವಾಗಿ, ತನ್ನಷ್ಟಕ್ಕೆ ತಾನೇ, ಅಂಚು ಕೆಳಗಿಳಿಯಿತು. ಕನ್ನಡಿ ಸಮೇತ ನೆರಳಿಗೆ ತಂದು, ಬಟ್ಟೆ ಹಾಸಿ ಮೇಲೊಂದು ಮಣೆಯಿಟ್ಟು, ಪೂರ್ತಿ ಆರುವ ತನಕ ಮುಟ್ಟಲಿಲ್ಲ.

ಸಂಜೆ ಅಪ್ಪನಿಗೆ ನಡೆದದ್ದನ್ನೆಲ್ಲ ಅತ್ತೆಯೇ ಹೇಳಿದಳು. ಅಪ್ಪ ಬೈಯಲಿಲ್ಲ. ಕೈಕಾಲು ತೊಳೆದು ಬಂದು, ಪೂಜೆಗೆ ಕೂತಂತೆ ಕೂತು, "ಹಾಕು ಮಗಾ" ಅಂದರು.

ಹೊಸ ಮುಳ್ಳು ಸಿಕ್ಕಿಸಿ, ಕೀ ಕೊಟ್ಟು, ಮುಳ್ಳನ್ನು ಮೆಲ್ಲಗೆ ಇಳಿಸಿದೆ. ಮುಳ್ಳು ಬಿರುಕಿಗೆ ಸಿಕ್ಕಿ ಪ್ಲೇಟು ಎರಡು ಹೋಳಾದರೆ? ಮೊದಲು ಬರೀ ಕರಕರ, ಸುತ್ತಿಗೊಂದು ಟಿಕ್. ಆಮೇಲೆ ಒಂದು ಹುಡುಗಿಯ ದನಿ ಕೊಂಚ ಓಲಾಡುತ್ತಾ ಬಂತು. ನನಗಿಂತ ಚಿಕ್ಕವಳ ದನಿ! ಹಾಡು ಮುಗಿದಾಗ ಅಪ್ಪನ ಕಣ್ಣು ತುಂಬಿತ್ತು.

"ಇನ್ನೊಂದ್ ಸಲ ಹಾಕ್ಲಾ ಅಪ್ಪಾ?"

"ಬ್ಯಾಡ ಮಗಾ. ಸವೆದೋಗ್ತಾಳೆ."

ಈಗ ಅಪ್ಪನೂ ಇಲ್ಲ, ಅತ್ತೆಯೂ ಇಲ್ಲ. ಪ್ಲೇಟು ನನ್ನ ಹತ್ತಿರ ಇದೆ. ವರ್ಷಕ್ಕೊಮ್ಮೆ, ಅಮ್ಮನ ತಿಥಿಯ ದಿನ ಮಾತ್ರ ಹಾಕುತ್ತೇನೆ. ಶುರುವಿನಲ್ಲಿ ಈಗಲೂ ಟಿಕ್, ಟಿಕ್ ಅನ್ನುತ್ತದೆ. ಅದು ದಾಟಿ ಅವಳ ದನಿ ಬರುವ ತನಕ ನನಗೆ ಉಸಿರಾಡಲೂ ಭಯ.