ಒಂದೇ ಗೂಟಕ್ಕೆ ಎರಡು ಕೈ

ಶಹಾಪುರದ ಗುಡ್ಡಕ್ಕೆ ಇನ್ನೂ ಬೆಳಕು ಬಿದ್ದಿಲ್ಲ. ಜೋಳದ ವ್ಯಾಪಾರಿ ಅಂಬಣ್ಣನ ಪಡಸಾಲೆಯಲ್ಲಿ ದಾವಲಬೀ ಬೀಸುಕಲ್ಲು ಒರೆಸಿದ್ದಾಳೆ, ಸೆರಗು ಸಿಗಿಸಿದ್ದಾಳೆ, ಒಳಮನೆಯ ಬಾಗಿಲಿಗೆ ಹೋಗಿ ಬಂದು ಹೋಗಿ ಬಂದು ಮಾಡುತ್ತಿದ್ದಾಳೆ. ಒಂದು ಕಡೆ ಕೂರುವುದು ಅವಳ ಜಾಯಮಾನದಲ್ಲೇ ಇಲ್ಲ. ಇವತ್ತಂತೂ ನಿಂತಲ್ಲಿ ನಿಲ್ಲಲೂ ಆಗುತ್ತಿಲ್ಲ.

"ಏಳವ್ವಾ ಸಾಯಬಮ್ಮ, ಸೂರ್ಯಾ ನಿನ್ನ ಸಲುವಾಗಿ ಕಾಯಂಗಿಲ್ಲ!"

ಪಕ್ಕದ ಗೋಗಿ ಊರಿನ ದಾವಲಬೀ ಊರ ಜೋಳ ಬೀಸಿಯೇ ಬದುಕಿದವಳು. ಪೊಲೀಸ್ ಆಕ್ಷನ್ನಿನ ಗಲಾಟೆಯಲ್ಲಿ ಕೆಲಸ ಕೊಡುತ್ತಿದ್ದ ಮನೆಗಳು ಚದುರಿದವು. ಉಳಿದಿದ್ದನ್ನು ಹಿಟ್ಟಿನ ಗಿರಣಿ ನುಂಗಿತು. ಈಗ ಹೈದರಾಬಾದು ಒಡೆದು ನಾವು ಯಾವ ರಾಜ್ಯಕ್ಕೆ ಎಂದು ಕಟ್ಟೆಯ ಮೇಲೆ ಗಂಡಸರು ಗಂಟಲು ಹರಿದುಕೊಳ್ಳುತ್ತಾರೆ. ದಾವಲಬೀಯ ಚಿಂತೆ ಸಾಯಬಮ್ಮನ ಬಲಗೈಯದು.

ಅಂಬಣ್ಣನ ಹೆಂಡತಿ ಸಾಯಬಮ್ಮನಿಗೆ ಕೀಲುವಾಯು. ಪ್ರೀತಿ ಹೆಚ್ಚಾಗಿ ಮನೆಯವರು ಹುಲ್ಲುಕಡ್ಡಿ ಎತ್ತಲೂ ಬಿಡಲಿಲ್ಲ. ಕೂತೂ ಕೂತೂ ಭುಜ ಬಿಗಿದುಕೊಂಡು, ತನ್ನ ತುರುಬು ತಾನೇ ಕಟ್ಟಿಕೊಳ್ಳಲಾರದ ಸ್ಥಿತಿಗೆ ಬಂದಳು. ಬಾವು ಇಳಿದಾಗಲೆಲ್ಲ ಕೈ ಆಡಿಸಲೇಬೇಕು, ಇಲ್ಲದಿದ್ದರೆ ಅದು ಪೂರಾ ಬಿಗಿಯುತ್ತದೆ ಎಂದು ಸರಕಾರಿ ಡಾಕ್ಟರು ಹೇಳಿದರು. ಹೇಗೆ ಆಡಿಸುವುದು? "ನನ್ನ ಎದರಿಗೆ ಕುಂಡರ್ಸ್ರಿ," ಎಂದಳು ದಾವಲಬೀ. ಬೀಸುಕಲ್ಲಿನ ಒಂದೇ ಗೂಟಕ್ಕೆ ಕೆಳಗೆ ಸಾಯಬಮ್ಮನ ಕೈ, ಮೇಲೆ ದಾವಲಬೀಯದು.

ತಿಂಗಳುಗಟ್ಟಲೆ ಹಿಟ್ಟು ಸಣ್ಣಗೆ ಬಿತ್ತು, ಮನೆ ಹಿಗ್ಗಿತು. ಆದರೆ ದಾವಲಬೀ ಜ್ವರ ಬಂದು ಮಲಗಿದ ದಿನ ಸಾಯಬಮ್ಮನ ಕೈಗೆ ಕಲ್ಲು ಮಿಸುಕಲಿಲ್ಲ. ಎದುರಿನವಳು ಸೋತರೆ ಬಾಯಿಬಿಡದೆ ಭಾರ ತಾನೇ ಎಳೆದುಕೊಳ್ಳುವುದು ಬೀಸುವವರ ಮರ್ಯಾದೆ. ಆ ಮರ್ಯಾದೆಯೇ ಇಲ್ಲಿ ಎಡವಟ್ಟು ಮಾಡಿತ್ತು.

"ಆಕಿ ನರಳಿದ್ರ ನನ್ನ ಕರಳು ಚುರ್ ಅಂತಿತ್ರಿ. ಎಲ್ಲಾ ನಾನ ಎಳದೆ. ಆಕಿ ಕೈ ಬರೇ ಸವಾರಿ ಮಾಡ್ತು," ಎನ್ನುವಾಗ ದಾವಲಬೀಗೆ ನಗುವೂ ಬರುತ್ತದೆ, ಅಳುವೂ ಬರುತ್ತದೆ.

ಅಂಬಣ್ಣ ರೇಗಿದ. ಅಮಾವಾಸ್ಯೆಯೊಳಗೆ ಹೆಂಡತಿಯ ಕೈಗೆ ಕಲ್ಲು ತಿರುಗದಿದ್ದರೆ ಜೋಳ ಗಿರಣಿಗೆ, ಕಲ್ಲು ದನದ ಕೊಟ್ಟಿಗೆಗೆ ಎಂದ. ಅಮಾವಾಸ್ಯೆ ಇವತ್ತೇ. ಜೋಳದ ಚೀಲ ಹೆಗಲಿಗೇರಿಸಿ ಅವನು ಬಾಗಿಲಲ್ಲಿ ನಿಂತಿದ್ದಾನೆ.

ಸಾಯಬಮ್ಮ ಬಂದು ಕೂರುತ್ತಾಳೆ, ಗೂಟ ಹಿಡಿಯುತ್ತಾಳೆ. ಜ್ವರದಿಂದ ಎದ್ದಾಗಿನಿಂದ ದಾವಲಬೀ ದಿನವೂ ಕೈಯ ಭಾರ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಬಂದಿದ್ದಾಳೆ. ಇವತ್ತು ಕೈ ಪೂರ್ತಿ ತೆಗೆಯುತ್ತಾಳೆ. ಎಲ್ಲಿ ಸಹಾಯಕ್ಕೆ ಓಡಿಬಿಡುತ್ತವೋ ಎಂದು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕೂರುತ್ತಾಳೆ.

ಕಲ್ಲು ಕರಕ್ಕೆಂದು ನಿಲ್ಲುತ್ತದೆ.

"ಕೈ ಹಚ್ಚ, ದಾವಲಬೀ!"

"ಹಚ್ಚಂಗಿಲ್ಲ."

"ನಿನಗ ಕರುಣಾ ಅನ್ನೂದು ಐತೇನು?"

"ಇತ್ತವ್ವಾ. ಅದಕ್ಕ ನಿನ್ನ ಕೈ ಕೆಟ್ಟಿತ್ತು."

ಸಿಟ್ಟಿಗೋ ಹಟಕ್ಕೋ ಸಾಯಬಮ್ಮ ಹಲ್ಲು ಕಚ್ಚಿ ದೂಡುತ್ತಾಳೆ. ಕಲ್ಲು ಅರ್ಧ ಸುತ್ತು ಬಂದು ತಡವರಿಸುತ್ತದೆ, ಮತ್ತೆ ಹೊರಳುತ್ತದೆ. ಅಂಚಿನಿಂದ ನುಚ್ಚಿನಂಥ ಒರಟು ಹಿಟ್ಟು ಉದುರುತ್ತದೆ. ಅಂಬಣ್ಣ ಚೀಲ ಕೆಳಗಿಳಿಸುತ್ತಾನೆ.

ದಾವಲಬೀಯ ಕಣ್ಣುಗಳು ತುಂಬುತ್ತವೆ. ಒರೆಸಿಕೊಳ್ಳಲೂ ಕೈ ಹೊರಗೆ ತೆಗೆಯುವುದಿಲ್ಲ.

"ಹುಟ್ಟಿದಾಗಿಂದ ಬೀಸೇನ್ರಿ," ಎನ್ನುತ್ತಾಳೆ. "ಸುಮ್ಮ ಕುಂತು ಕಲ್ಲು ತಿರುಗಿಸಿದ್ದು ಇವತ್ತ ಮೊದಲು."