ಸದ್ದಿಲ್ಲದ ಕೋಟು
ನಮ್ಮೂರಲ್ಲಿ ಮೂಸ್ ಎಂಬ ದೊಡ್ಡ ಕಾಡುಜಿಂಕೆಯ ಬೇಟೆಗಾರರಿಗೆ ಕೋಟು ಹೊಲಿದು ಮಾರುವ ಟೊರ್ಕೆಲ್‌ಗೆ ಲೋಕದಲ್ಲಿ ಒಂದೇ ಶತ್ರು, ಮೂಸನ್ನು ಬೆದರಿಸಿ ಓಡಿಸುವ ಬಟ್ಟೆಯ ಸರಬರ ಸದ್ದು. ಜಿಪ್ ಕಂಡರೆ ಅವನಿಗೆ ಮೈಯೆಲ್ಲ ಉರಿ. ಕೋಟಿನ ಗುಂಡಿಗಳಿಗೂ ಉಣ್ಣೆ ಸುತ್ತುತ್ತಾನೆ. "ಬರೋ ವರ್ಷ ಇಡೀ ಸ್ವೀಡನ್ನು ನನ್ನ ಕೋಟಲ್ಲೇ ಬೇಟೆಗೆ ಹೋಗುತ್ತೆ, ನೋಡ್ತಿರು" ಎನ್ನುವುದು ಅವನ ಹತ್ತು ವರ್ಷದ ಮಾತು. ಕಾಡಲ್ಲಿ ಬೆಂಕಿ ಸುತ್ತ ಕೂತು ಕಾಫಿ ಕುಡಿಯುವ ನಮ್ಮ ಕಿವಿಗೇ ಕೋಟಿನ ತೋಳು ತಂದು ಉಜ್ಜುತ್ತಾನೆ: "ಕೇಳಿಸ್ತೇನೋ?" "ಇಲ್ಲ ಮಾರಾಯ! ನಿನ್ನ ಬಾಯಿಗೂ ಇದೇ ಬಟ್ಟೆ ಹೊಲ್ಕೋ, ಮೂಸ್ ಹತ್ರಾನಾದ್ರೂ ಬರುತ್ತೆ" ಎಂದು ನಗುತ್ತಿದ್ದೆವು. ಹೋದ ಚಳಿಗಾಲ ಹೆಂಡತಿ ಗುನ್‌ವೋರ್ ಅವನು ಹೊಲಿದ ಕೋಟನ್ನೇ ತೊಟ್ಟು, ಬಟ್ಟೆ ಕತ್ತರಿಸುತ್ತಿದ್ದವನ ಬೆನ್ನ ಹಿಂದೆಯೇ ಹಾದು ಮನೆ ಬಿಟ್ಟು ಹೋದಳು. ಅವನಿಗೆ ಗೊತ್ತಾದದ್ದು, ಕಾಫಿ ಕೇಳಿ ಉತ್ತರ ಬಾರದಾಗ. ಈಗಲೂ ಕಿವಿಗೆ ತೋಳು ತಂದು "ಕೇಳಿಸ್ತೇನೋ?" ಎನ್ನುತ್ತಾನೆ. ಇಲ್ಲ ಎನ್ನಲು ನಮಗ್ಯಾರಿಗೂ ಬಾಯಿ ಬರುವುದಿಲ್ಲ.